ನೂರೆಂಬತ್ತು ರೂಪಾಯಿಯ ಶಾಂಪೂ ಸಾಕೇ, ಏಳುನೂರೈವತ್ತರದ್ದೇ ಬೇಕೇ?

ಪ್ರಶ್ನೆ: ನಾನು ತುಮಕೂರಿನಲ್ಲಿ ಪ್ರೌಢಶಾಲಾ ಶಿಕ್ಷಕ. ಎರಡು ವರ್ಷದ ಹಿಂದೆ ಸಾಲ ಮಾಡಿ ಕಪ್ಪು ಬಣ್ಣದ ಕಾರು ಕೊಂಡೆ. ಬೇರೆ ಜಾಗವಿಲ್ಲದ ಕಾರಣ ಮನೆಯ ಮುಂದಿನ ಮಾವಿನ ಮರದ ಕೆಳಗೇ ನಿಲ್ಲಿಸುತ್ತೇನೆ. ತಿಂಗಳಿಗೆ 500 ರೂಪಾಯಿಗೆ ಒಬ್ಬ ಹುಡುಗ ದಿನವೂ ಬೆಳಿಗ್ಗೆ ಒರೆಸಿ ಹೋಗುತ್ತಾನೆ. ಭಾನುವಾರ ನಾನೇ ಬೋರ್‌ವೆಲ್ ನೀರಿನಲ್ಲಿ ತೊಳೆಯುತ್ತೇನೆ. ಈಗ ಬಿಸಿಲಿನಲ್ಲಿ ನೋಡಿದರೆ ಬಾನೆಟ್ ತುಂಬ ಜೇಡರ ಬಲೆಯಂತಹ ಗೆರೆಗಳು, ಅಲ್ಲಲ್ಲಿ ಬಿಳಿ ಚುಕ್ಕೆಗಳು. ಇಲ್ಲಿನ ಅಂಗಡಿಯಲ್ಲಿ ಕೊಂಡ ಶಾಂಪೂ ಲೀಟರಿಗೆ 180 ರೂಪಾಯಿ. ಅದೇ ತಪ್ಪು ಎನ್ನುವ ಬೆಂಗಳೂರಿನ ಭಾವಮೈದುನ 8,000 ರೂಪಾಯಿಯ ಪಟ್ಟಿಯೊಂದನ್ನು ಕಳಿಸಿದ್ದಾನೆ: ಅರ್ಧ ಲೀಟರಿಗೆ 750 ರೂಪಾಯಿಯ ಶಾಂಪೂ, ಹೊಳಪಿಗೆ ಹಚ್ಚುವ 3,200ರ ವಿದೇಶಿ ವ್ಯಾಕ್ಸ್ (ಮೇಣ), 1,100ರ ಲೆದರ್ ಕಂಡಿಷನರ್ ಇತ್ಯಾದಿ. ಎಲ್ಲವೂ ಒಂದೇ ಕಾರ್ಖಾನೆಯ ಮಾಲು, ಹೆಸರಿಗಷ್ಟೇ ದುಡ್ಡು ಎಂದು ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಸರ್ವಿಸ್ ಸೆಂಟರಿನವರಂತೂ 28,000ಕ್ಕೆ ಸೆರಾಮಿಕ್ ಕೋಟಿಂಗ್ (ಬಣ್ಣದ ಮೇಲೆ ಹಚ್ಚುವ ಗಟ್ಟಿಯಾದ ಪಾರದರ್ಶಕ ಪದರ) ಮಾಡಿಸಿದರೆ ಗೀರೇ ಬೀಳುವುದಿಲ್ಲ ಎನ್ನುತ್ತಾರೆ. ಯಾರ ಮಾತು ನಂಬಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ಯಾವ ಬಾಟಲಿಗೆ ದುಡ್ಡು ಕೊಡಬೇಕು ಎಂಬುದು ಒಂದು; ನನ್ನ ಬಾನೆಟ್ ಯಾಕೆ ಹೀಗಾಯಿತು ಎಂಬುದು ಇನ್ನೊಂದು. ಎರಡನೆಯದಕ್ಕೆ ಉತ್ತರ ಸಿಗದೆ ಮೊದಲನೆಯದನ್ನು ತೀರ್ಮಾನಿಸಿದರೆ 8,000 ರೂಪಾಯಿ ಕೊಟ್ಟ ಮೇಲೂ ಗೆರೆಗಳು ಹೆಚ್ಚುತ್ತಲೇ ಹೋಗುತ್ತವೆ. ಆದ್ದರಿಂದ ಬಾನೆಟ್ಟಿನಿಂದಲೇ ಆರಂಭಿಸುತ್ತೇನೆ.

ಕಾರಿನ ತಗಡಿನ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ ಪಾರದರ್ಶಕ ಕ್ಲಿಯರ್ ಕೋಟ್ ಇರುತ್ತದೆ. ನಾವು ಹೊಳಪು ಎಂದು ಕರೆಯುವುದು ಈ ಕೊನೆಯ ಪದರದ ನುಣುಪನ್ನು. ಅದರ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ಅಂದರೆ ನಮ್ಮ ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆ. ನಿಮಗೆ ಕಾಣುವ ಜೇಡರ ಬಲೆ ಈ ಪದರದಲ್ಲಿ ಕೊರೆದ ಸಣ್ಣ ಸಣ್ಣ ಗೀರುಗಳದ್ದು. ಗೀರುಗಳು ವಾಸ್ತವದಲ್ಲಿ ದುಂಡಗಿರುವುದಿಲ್ಲ, ಎಲ್ಲ ದಿಕ್ಕಿನಲ್ಲೂ ಹರಡಿರುತ್ತವೆ. ಸೂರ್ಯನ ಪ್ರತಿಬಿಂಬದ ಸುತ್ತ ಬೆಳಕಿಗೆ ಅಡ್ಡವಾಗಿರುವವು ಮಾತ್ರ ಮಿಂಚುವುದರಿಂದ ಬಲೆಯಂತೆ ಕಾಣುತ್ತವೆ. ಬಿಳಿ ಕಾರಿನಲ್ಲೂ ಇವು ಇಷ್ಟೇ ಇರುತ್ತವೆ, ಕಣ್ಣಿಗೆ ಬೀಳುವುದಿಲ್ಲ ಅಷ್ಟೆ.

ಈ ಗೀರುಗಳನ್ನು ಮಾಡಿದ್ದು ನಿಮ್ಮ 180 ರೂಪಾಯಿಯ ಶಾಂಪೂ ಅಲ್ಲ. ದಿನವೂ ಬೆಳಿಗ್ಗೆ ನಡೆಯುವ ಆ ಒರೆಸುವಿಕೆ. ರಸ್ತೆಯ ಧೂಳಿನಲ್ಲಿ ಮರಳಿನ ಕಣವಿರುತ್ತದೆ, ಮರಳೆಂದರೆ ಬಹುಪಾಲು ಕ್ವಾರ್ಟ್ಜ್, ಅದು ಕಾರಿನ ಬಣ್ಣಕ್ಕಿಂತ ಎಷ್ಟೋ ಪಟ್ಟು ಗಟ್ಟಿ. ರಾತ್ರಿ ಬಿದ್ದ ಧೂಳನ್ನು ಬೆಳಿಗ್ಗೆ ಅರೆ ಒದ್ದೆ ಬಟ್ಟೆಯಿಂದ ಎಳೆದಾಗ ಧೂಳು ಹೋಗುತ್ತದೆ, ಹೋಗುವಾಗ ಗೆರೆ ಎಳೆದೇ ಹೋಗುತ್ತದೆ. ಕಾರು ತೊಳೆದು ಪಾಲಿಶ್ ಮಾಡುವುದು ನನ್ನ ವೃತ್ತಿ; ಒಮ್ಮೆ ಗ್ರಾಹಕರೊಬ್ಬರು ಇಂಥದೇ ದೂರು ತಂದಾಗ, ದಿನನಿತ್ಯ ಒರೆಸುವ ಬಟ್ಟೆಯನ್ನೂ ತರಲು ಹೇಳಿದ್ದೆ. ಹಳೆಯ ಬನಿಯನ್ ಬಟ್ಟೆ. ಒಗೆದು ಒಣಗಿಸಿದ್ದರಿಂದ ನೋಡಲು ಚೊಕ್ಕಟವಾಗಿಯೇ ಇತ್ತು. ಬಿಳಿ ಕಾಗದದ ಮೇಲೆ ಹಿಡಿದು ಅದರ ಹೊಲಿಗೆಯ ಅಂಚನ್ನು ಉಗುರಿನಿಂದ ಬಿಡಿಸಿದೆ. ಚಿಟಿಕೆಯಷ್ಟು ಮರಳು ಉದುರಿತು. ಆ ಅಂಚು ಅದೆಷ್ಟೋ ದಿನಗಳಿಂದ ಬಾನೆಟ್ ಮೇಲೆ ಓಡಾಡುತ್ತಿತ್ತು. ಇದರಲ್ಲಿ ಒರೆಸುವ ಹುಡುಗನ ತಪ್ಪೇನೂ ಇಲ್ಲ. ಒಂದೇ ಬಕೆಟ್ ನೀರಿನಲ್ಲಿ ಹತ್ತಾರು ಕಾರು ಮುಗಿಸಬೇಕಾದವನಿಗೆ ಬೇರೆ ದಾರಿಯೂ ಇಲ್ಲ. ಅವನ ಸಂಬಳ ನಿಲ್ಲಿಸಬೇಡಿ. ಗಾಜು, ಒಳಭಾಗ ಮತ್ತು ಚಕ್ರ ಮಾತ್ರ ಒರೆಸಲು ಹೇಳಿ, ಬಣ್ಣವನ್ನು ಮುಟ್ಟದಿರಲಿ. ನಿಮ್ಮ ಪಟ್ಟಿಯಲ್ಲಿರುವ ಯಾವ ವಸ್ತುವಿಗಿಂತಲೂ ಇದರ ಲಾಭ ದೊಡ್ಡದು, ಖರ್ಚು ಸೊನ್ನೆ.

ಬಿಳಿ ಚುಕ್ಕೆಗಳಿಗೂ ಶಾಂಪೂ ಕಾರಣವಲ್ಲ, ನೀರು ಕಾರಣ. ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳಿರುತ್ತವೆ; ನೀರು ಆರಿದರೂ ಅವು ಅಲ್ಲೇ ಉಳಿಯುತ್ತವೆ. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಒಪ್ಪಬಹುದು. ನಮ್ಮ ಬಯಲುಸೀಮೆಯ ಆಳದ ಬೋರ್‌ವೆಲ್‌ಗಳ ನೀರು ಎಷ್ಟು ಗಡಸು ಎಂಬುದಕ್ಕೆ ಸ್ನಾನದ ಮನೆಯ ನಲ್ಲಿಯ ಮೇಲಿನ ಬಿಳಿ ಕರೆಯೇ ಸಾಕ್ಷಿ. ಇದೇ ಸಂದರ್ಭದಲ್ಲಿ ಒಂದು ಮಾತು. ನೀರು ಉಳಿಸುವ ಒಳ್ಳೆಯ ಉದ್ದೇಶದಿಂದ ಅನೇಕರು ಆರ್‌ಓ ಯಂತ್ರ ಹೊರಬಿಡುವ ನೀರನ್ನು ಹಿಡಿದಿಟ್ಟು ಕಾರು ತೊಳೆಯುತ್ತಾರೆ. 2024ರ ಬೇಸಿಗೆಯಲ್ಲಿ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ನಿಗದಿ ಮಾಡಿದಾಗ ಈ ಅಭ್ಯಾಸ ಹೆಚ್ಚಾದದ್ದನ್ನು ನಾನು ಕಂಡೆ. ಆ ನೀರಿನಲ್ಲಿ ಲವಣ ಮೂಲ ನೀರಿಗಿಂತಲೂ ಹೆಚ್ಚಿರುತ್ತದೆ. ನೆಲ ಒರೆಸಲು ಬಳಸಿ, ಕಾರಿಗೆ ಬೇಡ. ಮನೆಯಲ್ಲಿ ಮಳೆನೀರಿನ ತೊಟ್ಟಿಯಿದ್ದರೆ ಕೊನೆಯ ಒಂದು ಬಕೆಟ್ ಅದರಿಂದ ಹಾಕಿ. ಯಾವ ದುಬಾರಿ ದ್ರಾವಣವೂ ಆ ಕೆಲಸವನ್ನು ಅಷ್ಟು ಚೆನ್ನಾಗಿ ಮಾಡುವುದಿಲ್ಲ. ಇಲ್ಲದಿದ್ದರೆ ನೆರಳಿನಲ್ಲಿ ತೊಳೆದು, ನೀರು ತಾನಾಗಿ ಆರುವ ಮೊದಲೇ ಒರೆಸಿ ಮುಗಿಸಿ. ಈಗಿರುವ ಚುಕ್ಕೆಗಳಲ್ಲಿ ಇತ್ತೀಚಿನವು, ಮನೆಯಲ್ಲಿರುವ ಬಿಳಿ ವಿನೆಗರ್‌ಗೆ ಸಮಪಾಲು ನೀರು ಬೆರೆಸಿ, ಅದರಲ್ಲಿ ಅದ್ದಿದ ಬಟ್ಟೆಯನ್ನು ಒಂದು ನಿಮಿಷ ಹಾಕಿಟ್ಟು ತೊಳೆದರೆ ಹೋಗುತ್ತವೆ. ಬಣ್ಣದೊಳಗೆ ಇಳಿದವು ಹೋಗುವುದಿಲ್ಲ, ಅವಕ್ಕೆ ಪಾಲಿಶ್ ಬೇಕು.

ಈಗ ಶಾಂಪೂ ವಿಚಾರ. ಬಾಟಲಿಯ ಬೆಲೆಯನ್ನು ಬಿಟ್ಟು ಒಂದು ತೊಳೆತಕ್ಕೆ ಎಷ್ಟು ಬೀಳುತ್ತದೆ ಎಂದು ಲೆಕ್ಕ ಹಾಕಿ ನೋಡಿ. ನಿಮ್ಮ 180 ರೂಪಾಯಿಯ ಶಾಂಪೂ ತೆಳುವಾದದ್ದು. ಒಂದು ಬಕೆಟ್ಟಿಗೆ 100 ಮಿಲಿಲೀಟರ್ ಹಾಕಬೇಕೆಂದು ಅದರ ಮೇಲೆ ಬರೆದಿದ್ದರೆ ಲೀಟರಿಗೆ ಹತ್ತು ತೊಳೆತ, ತೊಳೆತಕ್ಕೆ 18 ರೂಪಾಯಿ. 750ರದ್ದು ಮಂದ ದ್ರಾವಣವಾಗಿದ್ದು ಬಕೆಟ್ಟಿಗೆ 10 ಮಿಲಿಲೀಟರ್ ಸಾಕಾದರೆ ಅರ್ಧ ಲೀಟರಿನಲ್ಲಿ ಐವತ್ತು ತೊಳೆತ, ಅಂದರೆ 15 ರೂಪಾಯಿ. ದುಬಾರಿ ಎಂದುಕೊಂಡದ್ದು ಇಲ್ಲಿ ಅಗ್ಗವಾಯಿತು. ಎಲ್ಲ ಬಾಟಲಿಗಳಲ್ಲೂ ಹೀಗೇ ಆಗುತ್ತದೆ ಎಂದಲ್ಲ. 1,500 ರೂಪಾಯಿ ಕೊಟ್ಟೂ ಬಕೆಟ್ಟಿಗೆ 50 ಮಿಲಿಲೀಟರ್ ಬೇಡುವ ಶಾಂಪೂಗಳೂ ಇವೆ. ಆದ್ದರಿಂದ ಹಿಂಬದಿಯ ಸಣ್ಣ ಅಕ್ಷರದಲ್ಲಿರುವ ಪ್ರಮಾಣವನ್ನು ಓದದೆ ಬೆಲೆ ಹೋಲಿಸಬೇಡಿ. ಪ್ರಮಾಣವನ್ನೇ ಬರೆಯದ ಬಾಟಲಿಯನ್ನು ಕೊಳ್ಳಲೇಬೇಡಿ. ನೊರೆ, ಪರಿಮಳ, ಗಾಢ ಬಣ್ಣ ಇವು ಯಾವುವೂ ಗುಣಮಟ್ಟದ ಗುರುತಲ್ಲ, ದ್ರಾವಣದ ಮಂದವೂ ಅಲ್ಲ. ಸ್ವಲ್ಪ ಅಡುಗೆ ಉಪ್ಪು ಬೆರೆಸಿ ತೆಳು ಶಾಂಪೂವನ್ನು ಮಂದ ಮಾಡುವುದು ಈ ಉದ್ಯಮದಲ್ಲಿ ಎಲ್ಲರಿಗೂ ಗೊತ್ತಿರುವ ವಿಧಾನ. ನೋಡಬೇಕಾದದ್ದು ಜಾರುವಿಕೆ. ಹೇಳಿದ ಪ್ರಮಾಣದಲ್ಲಿ ಬೆರೆಸಿದ ನೀರಿನಲ್ಲಿ ಎರಡು ಬೆರಳನ್ನು ಅದ್ದಿ ಉಜ್ಜಿದರೆ ಲೋಳೆಯಂತೆ ಜಾರಬೇಕು. ಮರಳಿನ ಕಣವನ್ನು ಬಣ್ಣಕ್ಕೆ ಒತ್ತದಂತೆ ತೇಲಿಸುವುದು ಆ ಜಾರುವಿಕೆಯೇ.

ಪಾತ್ರೆ ತೊಳೆಯುವ ದ್ರಾವಣ ಬಣ್ಣವನ್ನು ತಿಂದುಹಾಕುತ್ತದೆ ಎಂಬ ಮಾತು ಉತ್ಪ್ರೇಕ್ಷೆ. ಅದು ಮಾಡುವುದು ಇಷ್ಟೆ, ಜಿಡ್ಡನ್ನು ತೆಗೆಯುವಂತೆಯೇ ನೀವು ಹಚ್ಚಿದ ವ್ಯಾಕ್ಸನ್ನೂ ತೆಗೆಯುತ್ತದೆ. ಬಟ್ಟೆ ಒಗೆಯುವ ಪುಡಿ ಮಾತ್ರ ಬೇರೆ ಜಾತಿ. ಅದರಲ್ಲಿ ಸೋಡಾ ಇರುತ್ತದೆ, ಕ್ಷಾರತೆ ಹೆಚ್ಚು, ಕರಗದ ಕಣಗಳೂ ಉಳಿಯುತ್ತವೆ. ವರ್ಷಗಟ್ಟಲೆ ಬಳಸಿದರೆ ಕಿಟಕಿಯ ರಬ್ಬರ್, ಕಪ್ಪು ಪ್ಲಾಸ್ಟಿಕ್, ಅಲ್ಯೂಮಿನಿಯಂ ಭಾಗಗಳು ಮಂಕಾಗುತ್ತವೆ. ಸೀಮೆಎಣ್ಣೆ, ಡೀಸೆಲ್ ಒರೆಸಿ ಹೊಳಪು ಬರಿಸುವ ಕೆಲವು ವಾಟರ್ ವಾಶ್ ಅಂಗಡಿಗಳಿಂದಂತೂ ದೂರವಿರಿ. ರಬ್ಬರ್ ಉಬ್ಬುತ್ತದೆ, ಆ ಜಿಡ್ಡಿಗೆ ಧೂಳು ಮತ್ತಷ್ಟು ಅಂಟುತ್ತದೆ.

ಎಲ್ಲವೂ ಒಂದೇ ಕಾರ್ಖಾನೆಯ ಮಾಲು ಎಂಬ ನಿಮ್ಮ ಸಹೋದ್ಯೋಗಿಯ ಮಾತಿನಲ್ಲಿ ಅರ್ಧ ಸತ್ಯವಿದೆ. ಒಂದೇ ಘಟಕ ಹಲವು ಹೆಸರುಗಳಿಗೆ ತಯಾರಿಸಿಕೊಡುವುದು ಸಾಮಾನ್ಯ. ಒಂದು ಕಂಪನಿ ಇನ್ನೊಂದನ್ನು ಕೊಳ್ಳುವುದೂ ಉಂಟು, 2013ರಲ್ಲಿ ತ್ರೀಎಂ ಸಂಸ್ಥೆ ಕಾರಿನ ವ್ಯಾಕ್ಸ್, ಶಾಂಪೂ ತಯಾರಿಸುವ ಮೆಗ್ವಾಯರ್ಸ್ ಅನ್ನು ಕೊಂಡಿತು. ಆದರೆ ಒಂದೇ ಒಲೆಯಲ್ಲಿ ಬೇಯಿಸಿದ ಮಾತ್ರಕ್ಕೆ ಸಾರು ಮತ್ತು ಪಾಯಸ ಒಂದೇ ಆಗುವುದಿಲ್ಲ. ಯಾವ ಪದಾರ್ಥ ಎಷ್ಟು ಹಾಕಬೇಕು ಎಂಬುದನ್ನು ತೀರ್ಮಾನಿಸುವವನು ಮಾಲು ತರಿಸುವವನು.

ನಿಜವಾಗಿ ದುಡ್ಡು ಹಾಕಬೇಕಾದ ಜಾಗ ಬಟ್ಟೆ. ಬಣ್ಣಕ್ಕೆ ತಾಗುವ ವಸ್ತುವಿನಲ್ಲಿ ಉಳಿತಾಯ ಮಾಡಬೇಡಿ ಎಂದು ನನ್ನಲ್ಲಿಗೆ ಬರುವ ಪ್ರತಿಯೊಬ್ಬರಿಗೂ ಹೇಳುತ್ತೇನೆ, ಬಹುತೇಕರು ಶಾಂಪೂ ಬಗ್ಗೆ ಮತ್ತೊಂದು ಪ್ರಶ್ನೆ ಕೇಳುತ್ತಾರೆ. ಮೈಕ್ರೋಫೈಬರ್ ಎಂಬ ಹೆಸರಿನಲ್ಲಿ 40 ರೂಪಾಯಿಗೂ ಬಟ್ಟೆ ಸಿಗುತ್ತದೆ, 900ಕ್ಕೂ ಸಿಗುತ್ತದೆ. ಒಳ್ಳೆಯದರಲ್ಲಿ ಪಾಲಿಯೆಸ್ಟರ್ ಮತ್ತು ಪಾಲಿಅಮೈಡ್ ಎಳೆಗಳು 80ಕ್ಕೆ 20 ಅಥವಾ 70ಕ್ಕೆ 30ರ ಪ್ರಮಾಣದಲ್ಲಿದ್ದು, ಪ್ರತಿ ಎಳೆಯೂ ಉದ್ದಕ್ಕೆ ಸೀಳಿರುತ್ತದೆ. ಆ ಸೀಳಿನೊಳಗೆ ನೀರೂ ಧೂಳೂ ಸೇರಿಕೊಳ್ಳುವುದರಿಂದ ಕಣ ಬಣ್ಣದ ಮೇಲೆ ಉರುಳುವುದಿಲ್ಲ. ಅಂಗಡಿಯಲ್ಲೇ ಪರೀಕ್ಷಿಸಬಹುದು. ಒಣ ಅಂಗೈಯನ್ನು ಬಟ್ಟೆಯ ಮೇಲೆ ಮೆಲ್ಲಗೆ ಎಳೆಯಿರಿ. ಸೀಳಿದ ಎಳೆಯಾದರೆ ಚರ್ಮದ ಒರಟುಗಳಿಗೆ ಅದು ಸಣ್ಣಗೆ ಕಚ್ಚಿಕೊಳ್ಳುತ್ತದೆ, ಮೈ ಜುಮ್ಮೆನ್ನುವಂತಹ ಒಂದು ಹಿಡಿತ. ಸೀಳದಿದ್ದದ್ದು ರೇಷ್ಮೆಯಂತೆ ಜಾರಿಹೋಗುತ್ತದೆ. ಆಮೇಲೆ ಟೇಬಲ್ಲಿನ ಮೇಲೆ ಒಂದು ಚಮಚ ನೀರು ಚೆಲ್ಲಿ ಬಟ್ಟೆಯನ್ನು ತಳ್ಳಿ; ಒಳ್ಳೆಯದು ಹೀರುತ್ತದೆ, ಕಳಪೆಯದು ನೀರನ್ನು ಮುಂದೆ ತಳ್ಳುತ್ತಾ ಹೋಗುತ್ತದೆ. ಅಂಚಿನಲ್ಲಿ ಗಟ್ಟಿ ನೈಲಾನ್ ಹೊಲಿಗೆ ಇರಬಾರದು, ಕಂಪನಿಯ ಚೀಟಿ ಹೊಲಿದಿದ್ದರೆ ಬಿಚ್ಚಿ ತೆಗೆಯಿರಿ.

ತೂಕವನ್ನು ಚದರ ಮೀಟರಿಗೆ ಗ್ರಾಂ ಎಂದು ಬರೆದಿರುತ್ತಾರೆ. ನೀರು ಒರೆಸಲು 800ಕ್ಕಿಂತ ಹೆಚ್ಚಿನ ಒಂದು ದೊಡ್ಡ ಟವೆಲ್, ಬಣ್ಣಕ್ಕೆ 350ರಿಂದ 400ರ ಮೂರು ಬಟ್ಟೆ, ತೊಳೆಯಲು ಒಂದು ಮೈಕ್ರೋಫೈಬರ್ ಕೈಗವಸು ಇಷ್ಟು ನಿಮಗೆ ಸಾಕು, ಸುಮಾರು 1,500 ರೂಪಾಯಿಯಲ್ಲಿ ಆಗುತ್ತದೆ. ಚಕ್ರಕ್ಕೆ, ಬಾಗಿಲ ಸಂದಿಗೆ, ಎಂಜಿನ್ ಸುತ್ತ ಅದೇ 40 ರೂಪಾಯಿಯ ಬಟ್ಟೆ ಧಾರಾಳವಾಗಿ ಸಾಕು. ಬೇರೆ ಬಣ್ಣದ್ದನ್ನು ಕೊಂಡರೆ ಅದಲು ಬದಲಾಗುವುದಿಲ್ಲ. ಒಳ್ಳೆಯ ಬಟ್ಟೆಯನ್ನು ಹತ್ತಿಬಟ್ಟೆಗಳ ಜೊತೆ ಒಗೆದರೆ ನೂಲಿನ ಜುಂಗು ಸೇರಿಕೊಳ್ಳುತ್ತದೆ, ಬಟ್ಟೆ ಮೃದುವಾಗಲೆಂದು ಹಾಕುವ ಕಂಡಿಷನರ್ ಎಳೆಯ ಸೀಳುಗಳನ್ನೇ ಮುಚ್ಚಿಬಿಡುತ್ತದೆ. ನೆಲಕ್ಕೆ ಬಿದ್ದ ಬಟ್ಟೆಯನ್ನು ಕೊಡವಿ ಮತ್ತೆ ಬಾನೆಟ್ಟಿಗೆ ಇಡಬೇಡಿ. ಎರಡು ಬಕೆಟ್ ಇಟ್ಟುಕೊಳ್ಳಿ, ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಕೈಗವಸನ್ನು ಪ್ರತಿ ಸಲ ಬರೀ ನೀರಿನಲ್ಲಿ ಜಾಲಿಸಿ ಆಮೇಲೆ ಶಾಂಪೂಗೆ ಅದ್ದಿ. ಮೇಲಿನಿಂದ ಕೆಳಕ್ಕೆ ತೊಳೆಯಿರಿ.

3,200ರ ವ್ಯಾಕ್ಸ್ ವಿಚಾರದಲ್ಲಿ ಬೇಡ ಎನ್ನುತ್ತೇನೆ. ಈ ಡಬ್ಬಿಗಳ ಹೆಗ್ಗಳಿಕೆ ಕಾರ್ನೌಬಾ ಎಂಬ ಮೇಣ. ಅದು ಬ್ರೆಜಿಲ್ ದೇಶದ ಒಂದು ಜಾತಿಯ ತಾಳೆಯ ಎಲೆಯಿಂದ ಬರುತ್ತದೆ, ಕರಗಲು 80 ಡಿಗ್ರಿಗೂ ಮೀರಿದ ಶಾಖ ಬೇಕು. ಶುದ್ಧ ಕಾರ್ನೌಬಾ ಇಟ್ಟಿಗೆಯಷ್ಟು ಗಟ್ಟಿಯಾಗಿದ್ದು ಕಾರಿಗೆ ಹಚ್ಚಲು ಆಗುವುದೇ ಇಲ್ಲ, ಎಣ್ಣೆ ಮತ್ತು ದ್ರಾವಕಗಳನ್ನು ಬೆರೆಸಲೇಬೇಕು. ಆದ್ದರಿಂದ ‘ನೂರಕ್ಕೆ ನೂರು ಕಾರ್ನೌಬಾ’ ಎಂಬ ಬರಹವನ್ನು ಡಬ್ಬಿಯ ತುಂಬ ಅದೇ ಇದೆ ಎಂದು ಓದಬಾರದು. ಕೆಲವು ವರ್ಷಗಳ ಹಿಂದೆ ಒಂದು ಕಪ್ಪು ಬಾನೆಟ್ಟಿನ ನಡುವೆ ಟೇಪ್ ಅಂಟಿಸಿ ಒಂದು ಬದಿಗೆ 450 ರೂಪಾಯಿಯ ವ್ಯಾಕ್ಸ್, ಇನ್ನೊಂದಕ್ಕೆ ಅದರ ಎಂಟು ಪಟ್ಟು ಬೆಲೆಯದ್ದನ್ನು ಹಚ್ಚಿದೆ. ಟೇಪ್ ತೆಗೆದ ದಿನ ನಮ್ಮ ಕೆಲಸಗಾರರಲ್ಲಿ ಯಾರಿಗೂ ಯಾವ ಬದಿ ಯಾವುದು ಎಂದು ಹೇಳಲಾಗಲಿಲ್ಲ. ದುಬಾರಿಯದು ಒರೆಸಲು ಹಗುರವಾಗಿತ್ತು, ನೀರಿನ ಹನಿಗಳನ್ನು ಎರಡು ಮೂರು ವಾರ ಹೆಚ್ಚು ಕಾಲ ಮಣಿಯಂತೆ ನಿಲ್ಲಿಸಿತು. ನಮ್ಮ ಬಿಸಿಲಿಗೆ ಎರಡೂ ಎರಡು ತಿಂಗಳು ದಾಟಲಿಲ್ಲ. ವ್ಯಾಕ್ಸ್ ಹಚ್ಚುವ ಕೆಲಸದಲ್ಲೇ ಖುಷಿ ಇರುವವರು ಕೊಳ್ಳಲಿ. ನಿಮಗೆ 700ರಿಂದ 1,000 ರೂಪಾಯಿಯೊಳಗಿನ, ಒದ್ದೆ ಕಾರಿನ ಮೇಲೇ ಸಿಂಪಡಿಸಿ ಒರೆಸಬಹುದಾದ ಪಾಲಿಮರ್ ಅಥವಾ ಸಿಲಿಕಾ ಸ್ಪ್ರೇ ಉತ್ತಮ. ಎರಡು ಮೂರು ತಿಂಗಳಿಗೊಮ್ಮೆ ಹದಿನೈದು ನಿಮಿಷದ ಕೆಲಸ.

ಲೆದರ್ ಕಂಡಿಷನರನ್ನೂ ಪಟ್ಟಿಯಿಂದ ತೆಗೆಯಿರಿ. ನಮ್ಮಲ್ಲಿ ಸಾಮಾನ್ಯ ಬೆಲೆಯ ಕಾರುಗಳ ಸೀಟಿಗೆ, ಹೊರಗೆ ಹಾಕಿಸುವ ಕವರಿಗೆ ಇರುವುದು ಹೆಚ್ಚಾಗಿ ಪಿವಿಸಿ ಅಥವಾ ಪಿಯು ಹೊದಿಕೆ, ಚರ್ಮವಲ್ಲ. ಪ್ಲಾಸ್ಟಿಕ್ಕಿಗೆ ಕಂಡಿಷನರ್ ಇಳಿಯುವುದಿಲ್ಲ, ಮೇಲೆ ಜಿಡ್ಡಾಗಿ ಕೂರುತ್ತದೆ. ಒದ್ದೆ ಬಟ್ಟೆ, ಒಂದೆರಡು ಹನಿ ಶಾಂಪೂ ಸಾಕು. ಡ್ಯಾಶ್‌ಬೋರ್ಡಿಗೂ ಅಷ್ಟೇ, ಮಿರಿಮಿರಿ ಹೊಳೆಯುವ ಸಿಲಿಕೋನ್ ಪಾಲಿಶ್ ಹಚ್ಚಿದರೆ ಅದರ ಪ್ರತಿಬಿಂಬ ಮುಂಗಾಜಿನಲ್ಲಿ ಕಣ್ಣು ಕುಕ್ಕುತ್ತದೆ, ಸ್ಟೀರಿಂಗಿಗೂ ಪೆಡಲಿಗೂ ತಾಗಿದರೆ ಜಾರುತ್ತದೆ.

ಅಗ್ಗದ್ದು ಕೇವಲ ನಿಷ್ಪ್ರಯೋಜಕವಲ್ಲ, ಅಪಾಯಕಾರಿಯೂ ಆಗುವ ಒಂದು ಜಾಗ ಚಕ್ರದ ಕ್ಲೀನರ್. ವೃತ್ತಿಯ ಆರಂಭದಲ್ಲಿ ಹೆಸರಿಲ್ಲದ ಕ್ಯಾನಿನಲ್ಲಿ ಬಿಡಿಯಾಗಿ ಸಿಕ್ಕ ದ್ರಾವಣವೊಂದನ್ನು ಗ್ರಾಹಕರ ಅಲಾಯ್ ಚಕ್ರಕ್ಕೆ ಸಿಂಪಡಿಸಿ, ಇನ್ನೊಂದು ಚಕ್ರಕ್ಕೆ ಹೋಗಿ ಬರುವಷ್ಟರಲ್ಲಿ ಮೊದಲನೆಯದು ಸುಣ್ಣ ಬಳಿದಂತೆ ಬೆಳ್ಳಗಾಗಿತ್ತು. ಅದು ಆಮ್ಲ. ನಾಲ್ಕೂ ಚಕ್ರಗಳನ್ನು ನನ್ನ ಖರ್ಚಿನಲ್ಲಿ ಮತ್ತೆ ಬಣ್ಣ ಹೊಡೆಸಿಕೊಟ್ಟೆ, ಆ ಗ್ರಾಹಕರ ಮುಖ ಇಂದಿಗೂ ನೆನಪಿದೆ. ಇಂಥ ಕೆಲವು ಕ್ಲೀನರುಗಳಲ್ಲಿ ಹೈಡ್ರೋಫ್ಲೋರಿಕ್ ಆಮ್ಲವಿರುತ್ತದೆ. ಅದು ಚರ್ಮದ ಮೂಲಕ ಇಳಿದು ಒಳಗಿನ ಮಾಂಸ, ಮೂಳೆಗೂ ಹಾನಿ ಮಾಡುತ್ತದೆ, ನೋವು ತಡವಾಗಿ ಕಾಣಿಸಿಕೊಳ್ಳಬಹುದು. ನಿಮ್ಮ ಕಾರಿನ ಚಕ್ರಕ್ಕೆ ಶಾಂಪೂ ನೀರೂ ಹಳೆಯ ಬ್ರಷ್ಷೂ ಸಾಕು. ಬ್ರೇಕಿನ ಕಬ್ಬಿಣದ ಧೂಳು ಕಚ್ಚಿಕೊಂಡಿದ್ದರೆ ಮಾತ್ರ, ಕಬ್ಬಿಣ ತಾಗಿದೊಡನೆ ನೇರಳೆ ಬಣ್ಣಕ್ಕೆ ತಿರುಗುವ ಆಮ್ಲರಹಿತ ಕ್ಲೀನರನ್ನು ವರ್ಷಕ್ಕೆ ಒಂದೆರಡು ಬಾರಿ ಬಳಸಿ. ಯಾವುದನ್ನು ಕೊಂಡರೂ ಪೊಟ್ಟಣದ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು ಮತ್ತು ವಿಳಾಸ, ಪ್ರಮಾಣ, ತಿಂಗಳು ಮತ್ತು ವರ್ಷ, ಗರಿಷ್ಠ ಮಾರಾಟ ಬೆಲೆ, ಗ್ರಾಹಕರು ದೂರು ಕೊಡಬೇಕಾದ ಸಂಖ್ಯೆ ಇರುವುದನ್ನು ನೋಡಿ; 2011ರ ಪೊಟ್ಟಣ ಸಾಮಗ್ರಿಗಳ ನಿಯಮ ಇವನ್ನು ಕಡ್ಡಾಯ ಮಾಡಿದೆ. ವಿದೇಶಿ ಹೆಸರಿದ್ದೂ ಆಮದುದಾರರ ಚೀಟಿ ಇಲ್ಲದ ಬಾಟಲಿ ನಕಲಿಯಾಗಿರುವ ಸಾಧ್ಯತೆ ಹೆಚ್ಚು.

ಇನ್ನು 28,000ದ ಸೆರಾಮಿಕ್ ಕೋಟಿಂಗಿನ ಪ್ರಶ್ನೆ. ಗೀರೇ ಬೀಳುವುದಿಲ್ಲ ಎಂಬುದು ಸುಳ್ಳು. ಅವರು ತೋರಿಸುವ ‘9ಎಚ್’ ಎಂಬುದು ಪೆನ್ಸಿಲ್ ಗಡಸುತನದ ಅಳತೆ. 9ಎಚ್ ಪೆನ್ಸಿಲಿನಿಂದ ಗೀಚಿದರೆ ಗುರುತು ಬೀಳಲಿಲ್ಲ ಎಂದಷ್ಟೇ ಅದರ ಅರ್ಥ. ಪೆನ್ಸಿಲಿನ ಕಡ್ಡಿಗಿಂತ ನಿಮ್ಮ ರಸ್ತೆಯ ಮರಳು ಬಹಳ ಗಟ್ಟಿ. ಕೆಲವೆಡೆ ಇನ್ನೂ ಮಾರುತ್ತಿರುವ ಟೆಫ್ಲಾನ್ ಕೋಟಿಂಗಿನ ವಿಷಯ ಇದಕ್ಕಿಂತ ಕೆಟ್ಟದ್ದು. ಟೆಫ್ಲಾನ್ ಕರಗುವುದೇ 327 ಡಿಗ್ರಿಯಲ್ಲಿ, ದೋಸೆ ಕಾವಲಿಗೆ ಅದನ್ನು ಕೂರಿಸಲು ಅದಕ್ಕಿಂತ ಹೆಚ್ಚಿನ ಶಾಖದಲ್ಲಿ ಬೇಯಿಸುತ್ತಾರೆ. ಕಾರಿನ ಬಣ್ಣಕ್ಕೆ ಆ ಶಾಖ ಕೊಡಲು ಸಾಧ್ಯವಿಲ್ಲ. ಸೆರಾಮಿಕ್ ಕೋಟಿಂಗಿಗೆ ಮಾತ್ರ ನಿಜವಾದ ಗುಣಗಳಿವೆ. ಅದು ಬಣ್ಣಕ್ಕೆ ಬಲವಾಗಿ ಕಚ್ಚಿಕೊಳ್ಳುತ್ತದೆ, ಕೊಳೆ ಬೇಗ ಬಿಡುತ್ತದೆ, ಹಕ್ಕಿಯ ಹಿಕ್ಕೆ ಬಣ್ಣಕ್ಕೆ ಇಳಿಯಲು ತುಸು ಹೆಚ್ಚು ಸಮಯ ಹಿಡಿಯುತ್ತದೆ. ಒಂದು ಕಾರಿಗೆ ಬೇಕಾಗುವ ದ್ರಾವಣ 30ರಿಂದ 50 ಮಿಲಿಲೀಟರ್ ಮಾತ್ರ. ನೀವು ಕೊಡುವ ಹಣದ ದೊಡ್ಡ ಪಾಲು ಅದಕ್ಕೂ ಮೊದಲು ಮಾಡುವ ಪಾಲಿಶ್ ಕೂಲಿ. ಅಪಾಯ ಇರುವುದೂ ಅಲ್ಲೇ. ಹಗುರ ಪಾಲಿಶ್ ಒಂದೆರಡು ಮೈಕ್ರಾನ್ ಕ್ಲಿಯರ್ ಕೋಟ್ ತೆಗೆಯುತ್ತದೆ, ಒರಟು ಕಾಂಪೌಂಡ್ ಹಾಕಿ ಯಂತ್ರ ಒತ್ತುವ ರಬ್ಬಿಂಗ್ ಇನ್ನೂ ಹೆಚ್ಚು ತೆಗೆಯುತ್ತದೆ. ಒಮ್ಮೆ ಹೋದ ಕ್ಲಿಯರ್ ಕೋಟ್ ಮರಳಿ ಬರುವುದಿಲ್ಲ. ಸರ್ವಿಸ್ ಜೊತೆ ಉಚಿತವೆಂದು ಆರು ತಿಂಗಳಿಗೊಮ್ಮೆ ರಬ್ಬಿಂಗ್ ಮಾಡಿಸಿಕೊಂಡ ಕಾರುಗಳ ಮೇಲ್ಛಾವಣಿಯಲ್ಲಿ ಬಣ್ಣ ಹಪ್ಪಳದಂತೆ ಏಳುವುದನ್ನು ನಾನು ಎಷ್ಟೋ ಬಾರಿ ನೋಡಿದ್ದೇನೆ. ಅಗ್ಗದ ಪಾಲಿಶ್‌ಗಳಲ್ಲಿ ಇನ್ನೊಂದು ಮೋಸವಿದೆ: ಎಣ್ಣೆ ಮತ್ತು ಪುಡಿ ಗೀರಿನೊಳಗೆ ತುಂಬಿಕೊಂಡು ಅಂದು ಹೊಸದರಂತೆ ಕಾಣುತ್ತದೆ, ನಾಲ್ಕು ತೊಳೆತಕ್ಕೆ ಗೆರೆಗಳು ಮರಳುತ್ತವೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಈ ವರ್ಷ ಕೋಟಿಂಗ್ ಮಾಡಿಸುವುದಿಲ್ಲ. ಮೊದಲು ದಿನದ ಒರೆಸುವಿಕೆ ನಿಲ್ಲಿಸಿ, ಬಟ್ಟೆ ಮತ್ತು ಎರಡು ಬಕೆಟ್ಟಿನ ಅಭ್ಯಾಸವನ್ನು ಆರು ತಿಂಗಳು ನಡೆಸಿ ನೋಡುತ್ತೇನೆ. ಹಳೆಯ ಗೆರೆಗಳಿಗೆ ಹೊಸವು ಸೇರುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಒಂದೇ ಒಂದು ಬಾರಿ ಹಗುರ ಪಾಲಿಶ್ ಮಾಡಿಸಿ, ಕಾರನ್ನು ಇನ್ನೂ ಐದಾರು ವರ್ಷ ಇಟ್ಟುಕೊಳ್ಳುವ ಮನಸ್ಸಿದ್ದರೆ ಆಗ ಕೋಟಿಂಗ್ ಯೋಚಿಸುತ್ತೇನೆ. ಮಾಡಿಸುವ ಮುನ್ನ ಬಣ್ಣದ ದಪ್ಪವನ್ನು ಮೀಟರಿನಿಂದ ಅಳೆದು, ಪಾಲಿಶ್‌ಗೆ ಮೊದಲಿನ ಮತ್ತು ನಂತರದ ಅಂಕಿಗಳನ್ನು ಬರೆದುಕೊಡುವಿರಾ ಎಂದು ಕೇಳಿ. ಕೊಡಲಾಗದವರಿಂದ ಮಾಡಿಸಬೇಡಿ. ಐದು ವರ್ಷದ ವಾರಂಟಿ ಎಂದರೆ ಆರು ತಿಂಗಳಿಗೊಮ್ಮೆ ದುಡ್ಡು ಕೊಟ್ಟು ಅವರಲ್ಲೇ ತೊಳೆಸಬೇಕೆಂಬ ಷರತ್ತು ಇದೆಯೇ ಎಂಬುದನ್ನೂ ಓದಿ ನೋಡಿ.

ಮಾವಿನ ಮರದ ಬಗ್ಗೆ ನೀವು ಕೇಳಿಲ್ಲ, ಆದರೆ ನಿಮ್ಮ ಬಾನೆಟ್ಟಿಗೆ ಮುಂದಿನ ಪೆಟ್ಟು ಬರುವುದು ಅಲ್ಲಿಂದಲೇ. ಹೂ ಬಿಡುವ ತಿಂಗಳುಗಳಲ್ಲಿ ಜಿಗಿಹುಳುಗಳು ಹೂಗೊಂಚಲಿನ ರಸ ಹೀರಿ ಸಿಹಿ ಅಂಟನ್ನು ಸುರಿಸುತ್ತವೆ. ಕಾರಿನ ಮೇಲೆ ಅದು ಸಣ್ಣ ಸಣ್ಣ ಹನಿಗಳಾಗಿ ಒಣಗುತ್ತದೆ, ಅದರ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಒಣಗಿದ ಮೇಲೆ ಉಜ್ಜಿದರೆ ಗೀರು ಬೀಳುವುದು ಖಚಿತ. ಆ ಅಂಟು ಸಕ್ಕರೆಯೇ ಆದ್ದರಿಂದ ಬಿಸಿ ತಾಗುವಷ್ಟು ಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಐದು ನಿಮಿಷ ಹಾಸಿಟ್ಟರೆ ಕರಗಿಹೋಗುತ್ತದೆ, ವಿಶೇಷ ಕ್ಲೀನರ್ ಬೇಕಿಲ್ಲ. ಹಕ್ಕಿಯ ಹಿಕ್ಕೆಗೂ ಇದೇ ಉಪಾಯ, ಆದರೆ ಅದನ್ನು ಭಾನುವಾರದವರೆಗೆ ಕಾಯಿಸಬೇಡಿ. ಬಿಸಿಲು ಏರುವ ಮೊದಲೇ ನೆನೆಸಿ, ಉಜ್ಜದೆ ಬಟ್ಟೆಯಲ್ಲಿ ಎತ್ತಿ ತೆಗೆಯಿರಿ. ಒಂದು ಸಣ್ಣ ನೀರಿನ ಬಾಟಲಿ ಮತ್ತು ಒಂದು ಒಳ್ಳೆಯ ಬಟ್ಟೆಯನ್ನು ಡಿಕ್ಕಿಯಲ್ಲಿ ಸದಾ ಇಟ್ಟುಕೊಂಡಿರಿ.